ತಂಬೂರಿಗೆ ಹಾಕಿದ ಬೀಗ

ನಮ್ಮ ಮನೆ ಇರುವುದು ಬೆಟಗೇರಿಯ ನೇಕಾರರ ಓಣಿಯಲ್ಲಿ. ಅಕ್ಕಪಕ್ಕದ ಮಗ್ಗಗಳು ದಿನವಿಡೀ ಬಡಿಯುತ್ತಿರುತ್ತವೆ. ಹಾಗಾಗಿ ನನ್ನ ತಂಬೂರಿಯ ನಾದವನ್ನು ಮುದ್ರಿಸಿಕೊಳ್ಳಲು ನಾವು ಅಮಾವಾಸ್ಯೆಗೆ ಕಾಯಬೇಕಾಯಿತು. ಅಂದು ಮಗ್ಗಗಳಿಗೆ ರಜೆ. ನನ್ನ ಗಂಡ ಗದಗಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಾರೆ, ನಾನು ಮನೆಯಲ್ಲಿ ಹಿಂದೂಸ್ತಾನಿ ಗಾಯನದ ಪಾಠ ಹೇಳುತ್ತೇನೆ. ತಂಬೂರಿ ಇಲ್ಲದ ಹಾಡುಗಾರರಿಗೆ ಮೊಬೈಲಿನಲ್ಲಿಯೇ ಒಳ್ಳೆಯ ಶ್ರುತಿ ಸಿಗಲಿ ಎಂದು ಅವರು ಒಂದು ಆ್ಯಪ್ ಮಾಡಿದರು. ಅದಕ್ಕೆ ಒಂದು ವರ್ಷದ ಸಂಜೆಗಳೆಲ್ಲ ಹೋದವು. ಆನ್‌ಲೈನ್ ಅಂಗಡಿಯಲ್ಲಿ ಕೊಂಡು ಹಾಕಿಕೊಳ್ಳಬೇಕಾದ ಆ್ಯಪ್ ಅದು.

ಮೊದಲು ಕೊಂಡವರಲ್ಲಿ ನನ್ನ ಗುರುಗಳೂ ಒಬ್ಬರು. ಅವರು ಲಕ್ಷ್ಮೇಶ್ವರದವರು, ಹುಟ್ಟಿನಿಂದಲೇ ಕಣ್ಣು ಕಾಣದವರು. ಪರದೆಯ ಮೇಲಿನದನ್ನು ಓದಿ ಹೇಳುವ ಧ್ವನಿಯ ನೆರವಿನಿಂದ ಫೋನನ್ನು ನಮಗಿಂತ ಚುರುಕಾಗಿ ಬಳಸುತ್ತಾರೆ. ಹಾಗೇ ಕೊಡುತ್ತೇವೆ ಎಂದರೂ ಕೇಳದೆ ಕೊಂಡೇ ಹಾಕಿಕೊಂಡರು.

ಒಂದು ದಿನ ನಾನಿರುವ ಭಜನೆ ಗುಂಪಿಗೆ ಯಾರೋ ಒಂದು ಫೈಲ್ ಕಳಿಸಿದರು. ಪುಕ್ಕಟೆ ತಂಬೂರಿ, ಎಲ್ಲರೂ ಹಾಕಿಕೊಳ್ಳಿ ಎಂದು ಬರೆದು, ಕೆಳಗೆ ಕೈಮುಗಿದ ಚಿತ್ರ. ತೆರೆದು ಕೇಳಿದೆ. ತಂತಿ ಮೀಟುವಾಗ ನನ್ನ ಬಳೆ ಒಂದು ಕಡೆ ತಾಗಿದ್ದು ಅದರಲ್ಲಿ ಸಣ್ಣಗೆ ಕೇಳುತ್ತದೆ. ನಮ್ಮ ಆ್ಯಪೇ, ಅನುಮಾನವಿರಲಿಲ್ಲ. ಫೈಲು ಆಗಲೇ ಮುಂಡರಗಿ, ಶಿರಹಟ್ಟಿ ಕಡೆಯ ಗುಂಪುಗಳನ್ನೆಲ್ಲ ಸುತ್ತಿ ಬಂದಿತ್ತು. ಗಂಡ ಬೈಯಲಿಲ್ಲ. ಊಟ ಮಾಡುತ್ತ, "ಕೊಂಡವರು ಹುಚ್ಚರಾದ್ರು ನೋಡು" ಎಂದರು, ಅಷ್ಟೇ.

ಮುಂದಿನ ಆವೃತ್ತಿಯಲ್ಲಿ ಅವರು ಒಂದು ಬೀಗ ಹಾಕಿದರು. ಆ್ಯಪ್ ತೆರೆದಾಗ ಅದು ಅಂಗಡಿಯನ್ನು ಕೇಳುತ್ತದೆ: ಈ ಫೋನಿನಲ್ಲಿರುವ ಖಾತೆಯವರು ಇದನ್ನು ಕೊಂಡಿದ್ದಾರೆಯೇ? ಹೌದೆಂದರೆ ತಂಬೂರಿ ನುಡಿಯುತ್ತದೆ. ಇಲ್ಲವೆಂದರೆ ಪರದೆಯ ಮೇಲೆ ಒಂದು ಸೂಚನೆ ಬಂದು ಎಲ್ಲ ನಿಲ್ಲುತ್ತದೆ. ಕೆಲಸ ಚೊಕ್ಕಟವಾಗಿತ್ತು. ನನಗೂ ಸರಿಯೆನಿಸಿತು.

ಅದಾದ ಸ್ವಲ್ಪ ದಿನಕ್ಕೆ ಶಿರಹಟ್ಟಿಯಲ್ಲಿ ಗುರುಗಳ ಗಾಯನವಿತ್ತು. ಮಧ್ಯಾಹ್ನದ ಕಾರ್ಯಕ್ರಮ. ಹಿಂದೆ ಕುಳಿತು ದನಿಗೂಡಿಸಲು ನಾನು ಹೋಗಿದ್ದೆ. ಧ್ವನಿವರ್ಧಕದವರು ಗುರುಗಳ ಫೋನಿಗೆ ತಂತಿ ಜೋಡಿಸಿದರು. ಗುರುಗಳು ಶಾಲು ಸರಿಪಡಿಸಿಕೊಂಡು ಆ್ಯಪಿನ ಮೇಲೆ ಬೆರಳಿಟ್ಟರು. ತಂಬೂರಿ ನುಡಿಯಲಿಲ್ಲ. ಓದಿ ಹೇಳುವ ಆ ಧ್ವನಿ ಸಭಾಂಗಣದ ನಾಲ್ಕೂ ಮೂಲೆಗೆ ಕೇಳುವಂತೆ, "ಇದು ಅನಧಿಕೃತ ಪ್ರತಿ. ದಯವಿಟ್ಟು ಖರೀದಿಸಿ ಬಳಸಿ" ಎಂದಿತು. ಅವರಿಗೆ ಅರ್ಥವಾಗದೆ ಮತ್ತೊಮ್ಮೆ ಮುಟ್ಟಿದರು. ಅದೇ ಮಾತು ಮತ್ತೊಮ್ಮೆ ಬಂತು. ಜನ ನಕ್ಕರು. ಕೆಟ್ಟ ನಗೆಯೇನಲ್ಲ, ಆದರೂ ನಗೆ.

ನಾನು ತಂತಿ ಕಿತ್ತೆ. ಗುರುಗಳು ಹಾರ್ಮೋನಿಯಂನವರಿಗೆ ಷಡ್ಜ ಹಿಡಿಯಲು ಹೇಳಿ ಭೀಮಪಲಾಸಿ ರಾಗ ಎತ್ತಿಕೊಂಡರು. ಎಂದಿನ ಹಾಗೆ ಒಂದೊಂದೇ ಸ್ವರದ ಬಳಿ ನಿಂತು ಬೆಳೆಸಲಿಲ್ಲ. ಬೇಗ ದ್ರುತ ಲಯಕ್ಕೆ ಹೋಗಿ, ಬೇಗ ಮುಗಿಸಿ, ಎರಡನೆಯ ರಾಗ ಹಾಡದೆ ಕೈಮುಗಿದು ಎದ್ದುಬಿಟ್ಟರು.

ಲಕ್ಷ್ಮೇಶ್ವರದ ಬಸ್ಸಿನಲ್ಲಿ ಗುರುಗಳು ನನ್ನ ಪಕ್ಕ ಕುಳಿತರು. ಬಸ್ಸು ಊರು ದಾಟಿದ ಮೇಲೆ ಹೇಳಿದರು: "ನಾ ಕೊಂಡೇನಿ. ಅದು ನಿನಗ ಗೊತ್ತೈತಿ. ಅಲ್ಲಿ ಕುಂತ ಮಂದಿಗೆ ಹೆಂಗ ಗೊತ್ತಾಗಬೇಕು?"



ಭಾನುವಾರ ಗಂಡನನ್ನು ಕರೆದುಕೊಂಡು ಅವರ ಮನೆಗೆ ಹೋದೆ. ನಡೆದದ್ದು ಇಷ್ಟು: ಕಾರ್ಯಕ್ರಮದ ಹಿಂದಿನ ದಿನ ಗುರುಗಳ ಹಳೆಯ ಫೋನು ಕೈಜಾರಿ ಬಿದ್ದು ಪರದೆ ಒಡೆದಿತ್ತು. ಸೊಸೆ ಹೊಸದನ್ನು ತಂದು ತನ್ನ ಹೆಸರಿನ ಖಾತೆ ಹಾಕಿ, ಹಳೆಯದರಲ್ಲಿದ್ದ ಹಾಡು, ಫೋಟೋಗಳ ಜೊತೆ ಆ್ಯಪನ್ನೂ ಹಾಗೇ ದಾಟಿಸಿದ್ದಳು. ಮಾವ ಕೊಂಡದ್ದು ಮಾವನ ಹೊಸ ಫೋನಿಗೆ ಬಂತು ಎಂದು ಅವಳ ಲೆಕ್ಕ. ಅಂಗಡಿಯ ಲೆಕ್ಕದಲ್ಲಿ ಮಾತ್ರ ಅದು ಕದ್ದ ಪ್ರತಿ.

ಗಂಡ ಇದನ್ನು ವಿವರಿಸುತ್ತ, "ಈ ಫೋನಿನ್ಯಾಗ ಖರೀದಿ ಆಗಿದ್ದು ಇಲ್ರಿ, ಅದಕ್ಕ" ಎಂದರು.

"ಫೋನ್ ಹೆಂಗ ಖರೀದಿ ಮಾಡತೈತಿ? ಮಾಡಿದಾಂವ ನಾನು" ಎಂದರು ಗುರುಗಳು.

ಹಳೆಯ ಖಾತೆಯ ಗುಪ್ತಪದ ಯಾರಿಗೂ ನೆನಪಿರಲಿಲ್ಲ. ಸಂದೇಶವಾಗಿ ಬಂದ ಅಂಕಿಗಳನ್ನು ಸೊಸೆ ಓದಿ ಹೇಳಿದಳು, ಗಂಡ ಒತ್ತಿದರು, ಸ್ವಲ್ಪ ಹೊತ್ತಿಗೆ ತಂಬೂರಿ ನುಡಿಯಿತು. ಸೊಸೆ ಸಮಾಧಾನಗೊಂಡು ಚಹಾ ತರಲು ಎದ್ದಳು. ಗುರುಗಳು ಅದನ್ನು ಬಂದ್ ಮಾಡಿ, ಆ ಸೂಚನೆ ಕೇಳಿಸಿಕೊಳ್ಳುವವರಲ್ಲಿ ಕಳ್ಳರೆಷ್ಟು, ತನ್ನಂಥವರೆಷ್ಟು ಎಂದು ಕೇಳಿದರು. ಅದು ತಮಗೆ ತಿಳಿಯುವುದಿಲ್ಲ ಎಂದರು ಗಂಡ.

"ತಿಳೀದಿದ್ರ ಕಳ್ಳ ಅನಬ್ಯಾಡ. ಮೊದಲ ಕೇಳು."

ಬೆಟಗೇರಿಗೆ ಮರಳುವಾಗ ನಮ್ಮಿಬ್ಬರಿಗೂ ವಾದವಾಯಿತು. ಬೀಗವನ್ನೇ ತೆಗೆದುಬಿಡಿ ಎಂದೆ. ಅವರು ಒಪ್ಪಲಿಲ್ಲ. ಬಾಗಿಲು ತೆರೆದಿಟ್ಟರೆ ಕೊಳ್ಳುವವರೂ ಕೊಳ್ಳುವುದಿಲ್ಲ, ಒಂದು ವರ್ಷ ಕುಳಿತು ಮಾಡಿದ್ದಕ್ಕೆ ಬೆಲೆಯೇ ಇಲ್ಲವೇ ಎಂದರು. ಅದೂ ಸುಳ್ಳಲ್ಲ. ಮನೆ ಮುಟ್ಟುವವರೆಗೂ ಇಬ್ಬರೂ ಸೋಲಲಿಲ್ಲ.

ಕೊನೆಗೆ ಅವರು ಬೀಗ ಉಳಿಸಿಕೊಂಡು ಅದರ ರೀತಿ ಬದಲಿಸಿದರು. ಒಮ್ಮೆ ಅಂಗಡಿ ಹೌದೆಂದರೆ ಆ್ಯಪ್ ಅದನ್ನು ಫೋನಿನಲ್ಲಿಯೇ ನೆನಪಿಟ್ಟುಕೊಳ್ಳುತ್ತದೆ, ಪ್ರತಿ ಸಲ ಕೇಳುವುದಿಲ್ಲ. ನೆಟ್‌ವರ್ಕ್ ಇಲ್ಲದಿದ್ದರೆ ತಂಬೂರಿ ನಿಲ್ಲುವುದಿಲ್ಲ. ಇಲ್ಲವೆಂಬ ಉತ್ತರ ಬಂದರೂ ಕೆಲವು ದಿನ ನುಡಿಯುತ್ತಲೇ ಇರುತ್ತದೆ. ಸೂಚನೆಯ ಮಾತನ್ನು ಗುರುಗಳಿಗೆ ಫೋನಿನಲ್ಲಿ ಓದಿ ಹೇಳಿ ಒಪ್ಪಿಸಿದೆವು: "ನಿಮ್ಮ ಖರೀದಿ ನಮಗೆ ಕಾಣಲಿಲ್ಲ. ಬೇರೆ ಖಾತೆಯಿಂದ ಕೊಂಡಿದ್ದರೆ ತಿಳಿಸಿ."

ಜನ ತಿಳಿಸಿದರು. ಸಿಂಗಟಾಲೂರಿನ ಭಜನೆಯವರು, ಹೊಳೆಯ ದಂಡೆಯಲ್ಲಿ ಸಿಗ್ನಲ್ ಸಿಗದೆ ಹಿಂದಿನ ಬೀಗ ತಮ್ಮನ್ನು ರಸ್ತೆಯವರೆಗೆ ನಡೆಸಿತ್ತು ಎಂದು ಬರೆದರು. ಮುಂಡರಗಿಯ ಹೆಣ್ಣುಮಗಳೊಬ್ಬಳು, ತನಗೆ ಫೈಲು ಗುಂಪಿನಲ್ಲಿ ಬಂದದ್ದು, ಇದು ಮಾರುವಂಥದ್ದೆಂದೇ ಗೊತ್ತಿರಲಿಲ್ಲ ಎಂದು ಬರೆದು ಕೊಂಡಳು. ಏನೂ ಬರೆಯದೆ ಬಿಟ್ಟವರೇ ಹೆಚ್ಚು. ಬೀಗವಿಲ್ಲದ ಹಳೆಯ ಫೈಲಂತೂ ಇಂದಿಗೂ ಗುಂಪುಗಳಲ್ಲಿ ಓಡಾಡುತ್ತಿದೆ. ಗಂಡ ಅದರ ಹಿಂದೆ ಹೋಗುವುದನ್ನು ಬಿಟ್ಟಿದ್ದಾರೆ.

ಗುರುಗಳು ವೇದಿಕೆಗೆ ಮತ್ತೆ ಆ ಆ್ಯಪ್ ತರಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಮನೆಯಲ್ಲಿ ಬೆಳಗಿನ ಅಭ್ಯಾಸಕ್ಕೆ ಮಾತ್ರ ಹಚ್ಚುತ್ತಾರೆ. ಹೊಸ ಆವೃತ್ತಿ ಬಂದಾಗಲೆಲ್ಲ ನನಗಲ್ಲ, ನೇರ ನನ್ನ ಗಂಡನಿಗೇ ಫೋನು ಮಾಡಿ, ಯಾವ ಗುಂಡಿ ಮುಟ್ಟಿದರೆ ಓದಿ ಹೇಳುವ ಧ್ವನಿ ಅದರ ಹೆಸರು ಹೇಳುವುದಿಲ್ಲ ಎಂಬುದನ್ನು ತಿಳಿಸುತ್ತಾರೆ. ಹೋದ ವಾರ, ಕೆಳಗಿನ ಶ್ರುತಿಯಲ್ಲಿ ಖರ್ಜದ ದಪ್ಪ ತಂತಿಯ ನಾದ ಮುಚ್ಚಿಹೋಗುತ್ತದೆ ಎಂದರಂತೆ. ಅದನ್ನು ಮತ್ತೆ ಮುದ್ರಿಸಲು ಮುಂದಿನ ಅಮಾವಾಸ್ಯೆ ಬರಬೇಕು.