ಪಾತರಗಿತ್ತಿಯ ಹಿಂದೆ ಬರಿಗಾಲಲ್ಲಿ

ಮಧ್ಯಾಹ್ನ ಒಂದೂ ಇಪ್ಪತ್ತು. ಅಪ್ಪನ ಕೈಗಡಿಯಾರ ನೋಡಿದ್ದು ನಾನೇ. ಇಂದಿಗೂ ಎಲ್ಲಾದರೂ ಕೊಬ್ಬರಿ ತುರಿದ ವಾಸನೆ ಬಂದರೆ ಆ ಗಳಿಗೆ ಎದುರು ಬಂದು ನಿಲ್ಲುತ್ತದೆ. ನಾಟಿಂಗ್‌ಹ್ಯಾಮಿನ ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿದ್ದ ಆ ಕುರುಚಲು ಬಯಲಿನಲ್ಲಿ, ಬೇಸಿಗೆಯ ಮೊದಲ ಬಿಸಿಲಿಗೆ ಗಾರ್ಸ್ ಎಂಬ ಮುಳ್ಳುಕಂಟಿ ಮೈತುಂಬ ಹಳದಿ ಹೂ ಬಿಟ್ಟು ಥೇಟ್ ಕೊಬ್ಬರಿಯಂತೆ ಘಮಘಮಿಸುತ್ತಿತ್ತು. "ಯಾರೋ ಕರಿಗಡಬು ಮಾಡಾಕತ್ತಾರ ನೋಡ" ಎನ್ನುತ್ತಿದ್ದಳು, ಧಾರವಾಡದಿಂದ ಬಂದು ನಮ್ಮೊಡನೆಯೇ ಇದ್ದ ಅಜ್ಜಿ.

ಅಮ್ಮನಿಗೆ ಆಸ್ಪತ್ರೆಯಲ್ಲಿ ಕೆಲಸದ ಪಾಳಿ ಇದ್ದ ಭಾನುವಾರಗಳಲ್ಲಿ ಅಪ್ಪ, ಅಜ್ಜಿ, ನಾನು ಅಲ್ಲಿಗೆ ಚಿಟ್ಟೆ ಹುಡುಕಲು ಹೋಗುತ್ತಿದ್ದೆವು. ಚಾದರ ಹಾಸಿ ರೊಟ್ಟಿ ಗಂಟು ಬಿಚ್ಚಿದರೆ ಅಜ್ಜಿಗೆ ಅದು ಅಡುಗೆಮನೆಯೇ; ಚಪ್ಪಲಿ ಅಂಚಿನಾಚೆ ಬಿಡಲೇಬೇಕು. ಅಂದೂ ಬಿಟ್ಟೆವು. "ಇಲ್ಲೆ ಹುಳಾ ಹುಪ್ಪಡಿ ಇರ್ತಾವೇನಪಾ?" ಎಂದಳು. ಹಾವಿನ ಹೆಸರನ್ನು ಆಕೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ. "ಈ ಥಂಡ್ಯಾಗ ಹಾವು ಎಲ್ಲಿಂದ ಬರಬೇಕು ಬೇ" ಎಂದು ಅಪ್ಪ ನಕ್ಕ.

ನಾನು ಹುಡುಕುತ್ತಿದ್ದುದು ರೆಕ್ಕೆ ಮಡಚಿದರೆ ಎಲೆಯಂತೆಯೇ ಕಾಣುವ ಪುಟ್ಟ ಹಸಿರು ಚಿಟ್ಟೆ. ಅದು ಮೊದಲು ಕಂಡದ್ದು ಅಜ್ಜಿಗೆ. "ಪುಟ್ಟಿ, ಇಲ್ಲೈತಿ ನೋಡ ನಿನ್ನ ಪಾತರಗಿತ್ತಿ" ಎನ್ನುತ್ತ ಬರಿಗಾಲಲ್ಲೇ ಪೊದೆಯ ಬುಡಕ್ಕೆ ನಡೆದಳು. ಮರುಕ್ಷಣ ಕುಸಿದು ಕೂತಳು. ಪಾದದ ಮೇಲೆ ಎರಡು ಹನಿ ರಕ್ತ. ಅಪ್ಪನ ಕೈಗಡಿಯಾರದಲ್ಲಿ ಆಗ ಒಂದೂ ಇಪ್ಪತ್ತು. ಬೆನ್ನ ಮೇಲೆ ಅಂಕುಡೊಂಕು ಗೆರೆಯ ಕಂದು ಹಾವೊಂದು ಅವಸರವೇ ಇಲ್ಲದೆ ಕಂಟಿಯೊಳಗೆ ಸರಿಯಿತು. "ಇಂವ ಇಲ್ಲೂ ಅದಾನಲ್ಲೋ" ಎಂದಳು ಅಜ್ಜಿ, ಪರಿಚಯದವರನ್ನು ಕಂಡಂತೆ. ಅಪ್ಪ ಆಕೆಯನ್ನು ಬೆನ್ನಿಗೇರಿಸಿಕೊಂಡು ರಸ್ತೆಯ ಕಡೆ ಓಡಿದ. "ಸಾವಕಾಶ ಹೋಗೋ, ನೀ ಬಿದ್ದೀ" ಎಂಬ ಆಕೆಯ ದನಿ ಹೆಜ್ಜೆಹೆಜ್ಜೆಗೂ ಸಣ್ಣದಾಗುತ್ತಿತ್ತು. ಆಕೆಯ ಚಪ್ಪಲಿ ಎದೆಗವಚಿಕೊಂಡು ನಾನು ಹಿಂದೆ. ಆಂಬುಲೆನ್ಸ್ ಬರುವಷ್ಟರಲ್ಲಿ ಕಾಲು ಮೊಣಕಾಲಿನವರೆಗೆ ಬಾತಿತ್ತು, ಕಣ್ಣು ಮುಚ್ಚಿಹೋಗಿತ್ತು.

ಆಕೆ ಆಸ್ಪತ್ರೆಯಲ್ಲಿದ್ದಷ್ಟು ದಿನ ನಮ್ಮ ಮನೆ ಕಿವುಡಾಗಿತ್ತು. ನನ್ನ ಕೋಣೆಗೂ ಆಕೆಯ ಕೋಣೆಗೂ ನಡುವೆ ತೆಳ್ಳನೆಯ ಗೋಡೆ; ಆಕೆಯ ಗೊರಕೆ ಕೇಳಿಯೇ ನಾನು ಬೆಳೆದವಳು. ಈಗ ಗೋಡೆಗೆ ಕಿವಿ ಹಚ್ಚಿದರೆ ಕೇಳುತ್ತಿದ್ದುದು ಕೆಳಗೆ ಅಪ್ಪ ಅಡ್ಡಾಡುವ ಸದ್ದು ಮಾತ್ರ. ಕಣ್ಣು ಮುಚ್ಚಿದರೆ ಆ ಕಂದು ಗೆರೆ ಮತ್ತೆ ಸರಿಯುತ್ತಿತ್ತು. ಈಗಲೂ ಒಮ್ಮೊಮ್ಮೆ ಸರಿಯುತ್ತದೆ. ಅಜ್ಜಿ ಹೋಗಿ ವರ್ಷಗಳಾದವು, ಅಪ್ಪನೂ ಇಲ್ಲ, ಮನೆ ಬೇರೆಯವರದಾಯಿತು. ನಿಮಗೂ ಅಂಥದೊಂದು ಗೋಡೆ ನೆನಪಿರಬಹುದು.

ಆ ಸಲ ಆಕೆ ಆಸ್ಪತ್ರೆಯಿಂದ ಮನೆಗೆ ಬಂದದ್ದು ಒಂದು ಶುಕ್ರವಾರ, ಅಮ್ಮನ ಹೆಗಲು ಹಿಡಿದು, ಕುಂಟುತ್ತ. ಕೂತವಳೇ ನನ್ನನ್ನು ಕೇಳಿದಳು: "ಅದು ಹಾರಿಹೋತೇನ? ನೋಡಿದ್ಯೋ ಇಲ್ಲೋ?" ನೋಡಿದೆ ಎಂದೆ. "ಹಂಗಾದ್ರ ಚಲೋ ಆತು" ಎಂದಳು. ಅಂದು ರಾತ್ರಿ ಗೋಡೆಯಾಚೆಯಿಂದ ಗೊರಕೆ ಶುರುವಾಯಿತು. ಅಪ್ಪ ಮೆಟ್ಟಿಲ ದೀಪ ಆರಿಸಿದ. ಬೆಳಗಿನವರೆಗೆ ಮನೆಯಲ್ಲಿ ಯಾರೂ ಏಳಲಿಲ್ಲ.