ಸರೋಜಕ್ಕನ ತಾಳ ತಪ್ಪಲಿಲ್ಲ

ಹೋದ ಭಾನುವಾರ ಕೊಯಮತ್ತೂರಿನ ಹತ್ತಿರದ ಕರುಮತ್ತಂಪಟ್ಟಿಯ ಮದುವೆಯೊಂದರಲ್ಲಿ, ತುಂಬಿದ ಮಂಟಪದೆದುರು, ನಾನು ಕಂಪ್ಯೂಟರಿನ ವೈರು ಕಿತ್ತೆ. ತಪ್ಪೇ? ನೀವೇ ಹೇಳಿ.

ನಮ್ಮದೊಂದು ಪುಟ್ಟ ಆರ್ಕೆಸ್ಟ್ರಾ. ಯಜಮಾನ ನನ್ನ ಚಿಕ್ಕಪ್ಪನ ಮಗ ರಂಗಸಾಮಿ. ಹಾಡುವುದು ಸರೋಜಕ್ಕ. ರಾಗ ಹಾಕಿ ಹಾರ್ಮೋನಿಯಂ ನುಡಿಸುವುದು ನಾನು. ಹೋದ ತಿಂಗಳು ರಂಗಸಾಮಿ ಕೊಯಮತ್ತೂರಿನ ಅಂಗಡಿಯೊಂದರಿಂದ ಕಂಪ್ಯೂಟರ್, ಕೀಬೋರ್ಡ್, ಎರಡು ಪ್ರೋಗ್ರಾಮ್ ಹೊತ್ತು ತಂದ. ಎರಡನ್ನೂ ನೋಡಿ, ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಅಂಗಡಿಗೆ ಹಿಂದಿರುಗಿಸಬೇಕು. ಒಂದರಲ್ಲಿ ಸ್ವರ ಬರೆದು ಕಾಗದಕ್ಕೆ ಅಚ್ಚು ಹಾಕಬಹುದು. ವಾದ್ಯದವರು ಅದನ್ನು ನೋಡಿ ನುಡಿಸಬೇಕು. ಇನ್ನೊಂದು ಸೀಕ್ವೆನ್ಸರ್. ಒಮ್ಮೆ ತುಂಬಿಟ್ಟರೆ ತಬಲಾ, ಪಿಟೀಲು ಎಲ್ಲವನ್ನೂ ತಾನೇ ನುಡಿಸುತ್ತದೆ.

ಬರೆಯುವುದೇ ಇರಲಿ ಎಂದೆ.

“ಯಾರಣ್ಣಾ ಓದೋದು? ನಮ್ಮವರಿಗೆ ಕನ್ನಡ ಎಳುತ್ತೇ ಬರಲ್ಲ, ಈ ಚುಕ್ಕಿ ಓದ್ತಾರಾ?” ಎಂದ ರಂಗಸಾಮಿ.

(ಎಳುತ್ತು ಎಂದರೆ ಅಕ್ಷರ. ಮಾತು ನಿಜ. ನಮ್ಮಲ್ಲಿ ಮನೆಮಾತು ಕನ್ನಡ, ಓದು ತಮಿಳು. ಕನ್ನಡ ಅಕ್ಷರ ಕಲಿತವನು ನಾನೊಬ್ಬನೇ.)

“ಹೇಳಿಕೊಟ್ಟರೆ ಕಲೀತಾರೆ.”

“ಅಷ್ಟರಲ್ಲಿ ಮುಹೂರ್ತ ಮುಗಿದೋಗುತ್ತೆ!”

ಸೀಕ್ವೆನ್ಸರ್ ಗೆದ್ದಿತು. ತಬಲಾದವರಿಗೂ ಪಿಟೀಲಿನವರಿಗೂ ಬರುವುದು ಬೇಡ ಎಂದು ಹೇಳಿಬಿಟ್ಟ.

ಮದುವೆಯಲ್ಲಿ ಸರೋಜಕ್ಕ ಹೆಣ್ಣು ಒಪ್ಪಿಸುವ ಹಾಡು ಎತ್ತಿಕೊಂಡಳು. ಮದುಮಗಳು ಅಳತೊಡಗಿದಳು. ಅಂಥ ಕಡೆ ಸಾಲನ್ನು ಎಳೆದು, ಕ್ಷಣ ನಿಂತು, ಮುಂದಕ್ಕೆ ಹೋಗುವುದು ಸರೋಜಕ್ಕನ ರೀತಿ. ಮುಂಚೆಯೆಲ್ಲ ತಬಲಾದವರು ಅವಳ ಮುಖ ನೋಡಿ ಕಾಯುತ್ತಿದ್ದರು. ಯಂತ್ರ ಕಾಯಿತೇ? ಟಕಟಕ ಓಡಿತು. ಅದನ್ನು ಹಿಡಿಯಹೋಗಿ ಅವಳು ಅರ್ಧ ಸಾಲು ನುಂಗಿದಳು. ಗಂಡಿನ ಕಡೆಯವರು ನಕ್ಕರು.

ಮೈಕಿಗೇ ಕೇಳುವಂತೆ ರಂಗಸಾಮಿ ಕೂಗಿದ: “ಅಕ್ಕಾ, ತಾಳ ತಪ್ತಾ ಐತೆ. ಮೆಷಿನ್ ಕರೆಕ್ಟಾ ಐತೆ!”

ಸರೋಜಕ್ಕನ ಕಣ್ಣು ತುಂಬಿತು. “ಮೆಷಿನ್ ಮೂಚು ಬಿಡಲ್ಲಪ್ಪಾ. ನಾನು ಉಸಿರು ಬಿಡಬೇಕಲ್ಲ?”

ವೈರು ಕಿತ್ತದ್ದು ಆಗಲೇ. ಹಾರ್ಮೋನಿಯಂ ಎಳೆದುಕೊಂಡು, “ಮೊದಲಿಂದ ಹಾಡಕ್ಕಾ” ಎಂದೆ. ಹಾಡಿದಳು. ಯಾರೂ ನಗಲಿಲ್ಲ. ಮದುಮಗಳ ತಾಯಿ ಬಂದು ಸರೋಜಕ್ಕನ ಕೈ ಹಿಡಿದುಕೊಂಡರು.

ಇಷ್ಟಾದರೂ ರಂಗಸಾಮಿಗೆ ಬುದ್ಧಿ ಬಂತೇ? ಸೀಕ್ವೆನ್ಸರನ್ನೇ ಇಟ್ಟುಕೊಂಡಿದ್ದಾನೆ. ನನ್ನೊಡನೆ ಮಾತು ಬಿಟ್ಟಿದ್ದಾನೆ (ಬಿಡಲಿ). ಈಗ ಹೊಸ ಹಾಡುಗಾರ್ತಿಯನ್ನು ಹುಡುಕುತ್ತಿದ್ದಾನಂತೆ. ಮೆಷಿನ್ನಿಗೆ ಸರಿಹೊಂದುವವಳೇ ಬೇಕಂತೆ!

ನಾಳೆ ಮದುಮಗಳಿಗೂ ತಾಳಕ್ಕೆ ಸರಿಯಾಗಿ ಅಳು ಎನ್ನುತ್ತೀಯೇನೋ, ರಂಗಸಾಮಿ?