ಹುಬ್ಬಿನ ಪೇಪರ್ ಕಟಿಂಗ್

ಆ ಕ್ರೀಮಿನ ಟ್ಯೂಬಿಗೆ ನನ್ನಂಗಡಿಯ ಪರಿಮಳದ ಕ್ರೀಮಿನ ಮೂರು ಪಟ್ಟು ಬೆಲೆ. ಯಾಕಪ್ಪಾ ಎಂದು ಮೆಡಿಕಲ್ ಸ್ಟೋರಿನವರನ್ನು ಕೇಳಿದರೆ, ಅದಕ್ಕೆ ವಾಸನೆ ಹಾಕಿಲ್ಲವಂತೆ. ಹಾಕದೇ ಬಿಟ್ಟದ್ದಕ್ಕೆ ದುಡ್ಡು ಜಾಸ್ತಿ! ಬಣಕಲ್ಲಿನ ಬಸ್ ಸ್ಟಾಪಿನೆದುರು ಫ್ಯಾನ್ಸಿ ಸ್ಟೋರ್ ಇಟ್ಟುಕೊಂಡು, ಹೇರ್ ಕ್ಲಿಪ್ಪಿಗೂ ಚೌಕಾಸಿ ಮಾಡಿ ಬದುಕಿದವಳು ನಾನು. ಅವತ್ತು ಮಾತ್ರ ಕೇಳಿದಷ್ಟು ಕೊಟ್ಟು ತಂದೆ. ನಮ್ಮ ಹೊಲಿಗೆ ಟೀಚರ ಬೆರಳ ತುದಿಗಳು ಎಷ್ಟು ಒಡೆದಿದ್ದವೆಂದರೆ, ರೇಷ್ಮೆ ದಾರ ಮುಟ್ಟಿದರೆ ಅದು ಚರ್ಮಕ್ಕೆ ಸಿಕ್ಕಿಕೊಂಡು ಎಳೆಯುತ್ತಿತ್ತು. ಉಗುರುಗಳು ನೇರಳೆ ಹಣ್ಣು ತಿಂದವರ ನಾಲಿಗೆಯ ಬಣ್ಣಕ್ಕೆ ತಿರುಗಿದ್ದವು.

ನನಗೆ ಕತ್ತರಿ ಹಿಡಿಯಲು ಕಲಿಸಿದವರು ಅವರು. ಅಂಗಡಿ ಹಾಕುವಷ್ಟು ಕಾಸು ನಾನು ಕೂಡಿಸಿದ್ದು ಬ್ಲೌಸ್ ಹೊಲಿದೇ. ಅವರ ಮನೆಯ ಮುಂದಿನ ಕೋಣೆಯಲ್ಲಿ ಕ್ಲಾಸು; ಗೋಡೆಗೆ ಆಳೆತ್ತರದ ಕನ್ನಡಿ. ಮೊದಲು ಪೇಪರಿನಲ್ಲಿ ಕತ್ತರಿಸದೆ ಯಾರಿಗೂ ಬಟ್ಟೆ ಮುಟ್ಟಲು ಬಿಡುತ್ತಿರಲಿಲ್ಲ. "ಪೇಪರ್ ಹಾಳಾದ್ರೆ ಒಲೆಗೆ ಹಾಕ್ಬಹುದು ಮಾರಾಯ್ತಿ. ಗಿರಾಕಿ ಬ್ಲೌಸ್ ಪೀಸ್ ಹಾಳಾದ್ರೆ ನಿನ್ನನ್ನೇ ಹಾಕ್ತಾರೆ" ಎನ್ನುವರು. ಕೊರಳಿನ ಆಕಾರಕ್ಕೆ ಪೇಪರ್ ಮಡಿಸಿ ಅರ್ಧ ಮಾತ್ರ ಕತ್ತರಿಸುವುದು. ಬಿಡಿಸಿದರೆ ಎರಡೂ ಕಡೆ ಒಂದೇ ಸಮ.

ಎದೆಯ ಕ್ಯಾನ್ಸರ್ ಎಂದು ಗೊತ್ತಾಗಿ ಮಂಗಳೂರಿಗೆ ಓಡಾಟ ಶುರುವಾಯಿತು. ಬೆರಳು, ಉಗುರು ಕೆಡಿಸಿದ ಕಿಮೋ, ಆಪರೇಷನ್, ಆಮೇಲೆ ರೇಡಿಯೇಷನ್. ನನಗೆ ಎಲ್ಲದರಲ್ಲೂ ಕುತೂಹಲ. ಸೋಪು ಯಾಕೆ ಉರಿಯುತ್ತೆ? ಟವೆಲ್ ಯಾಕೆ ಚುಚ್ಚುತ್ತೆ? ಬೇರೆಯವರು ಕೇಳಲು ನಾಚುವುದನ್ನೆಲ್ಲ ಕೇಳುತ್ತಿದ್ದೆ. ಅವರು ಬಟ್ಟೆಯ ಲೆಕ್ಕದಲ್ಲೇ ಉತ್ತರಿಸುತ್ತಿದ್ದರು. "ಚರ್ಮ ಈಗ ಹಳೇ ಜಾರ್ಜೆಟ್ ಆಗಿದೆ. ಉಜ್ಜಿದ್ರೆ ಎಳೆ ಬಿಡುತ್ತೆ. ಒತ್ತಿ ಒರೆಸ್ಬೇಕು, ಅಷ್ಟೇ."

ರೇಡಿಯೇಷನ್ನಿಗೆಂದು ಎದೆಯ ಮೇಲೆ ಶಾಯಿಯಲ್ಲಿ ಗೆರೆ ಎಳೆದು, ಅಳಿಸಬೇಡಿ ಎಂದು ಹೇಳಿ ಕಳಿಸಿದ್ದರು. ವಾರದ ಕೊನೆಗೆ ಊರಿಗೆ ಬಂದಾಗ ಕಳಸದಿಂದ ಅವರ ಅಕ್ಕ ಬಂದಿದ್ದರು. ನಮ್ಮ ಕಡೆ ಪ್ರೀತಿ ಅಂದರೆ ಎಣ್ಣೆಸ್ನಾನ ತಾನೇ? ಹಂಡೆ ತುಂಬ ಬಿಸಿನೀರು, ಕೊಬ್ಬರಿ ಎಣ್ಣೆ, ಅರಿಶಿನ, ಸೀಗೆಪುಡಿ. ಅರ್ಧ ಗೆರೆ ಬಚ್ಚಲಿಗೆ ಹೋಯಿತು, ಚರ್ಮ ಕೆಂಪಗೆ ಉರಿಯತೊಡಗಿತು. ವಿಷಯ ತಿಳಿದ ಅಕ್ಕ ಅಳುತ್ತಾ ಕೂತರು.

"ಗೊತ್ತಿದ್ದೂ ಯಾಕೆ ಸುಮ್ನಿದ್ರಿ ಟೀಚರ್?" ಎಂದು ನಾನೇ ರೇಗಿದೆ.

"ಇಷ್ಟು ದಿನ ಎಲ್ರೂ ನನ್ನ ಮುಟ್ಟೋಕೆ ಹೆದರ್ತಿದ್ರು. ಅಕ್ಕ ಮುಟ್ಟಿದ್ಳು. ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ."

ಸೋಮವಾರ ಆಸ್ಪತ್ರೆಯಲ್ಲಿ ಬೈಸಿಕೊಂಡು, ಹೊಸದಾಗಿ ಗೆರೆ ಹಾಕಿಸಿಕೊಂಡರು.

ಚಿಕಿತ್ಸೆಯೇನೋ ಮುಗಿಯಿತು. ಕ್ಲಾಸಿನ ಬಾಗಿಲು ಮಾತ್ರ ತೆರೆಯಲಿಲ್ಲ. ಕನ್ನಡಿಗೆ ಬೆಡ್‌ಶೀಟ್ ಹೊದಿಸಿಬಿಟ್ಟಿದ್ದರು. ಒಂದು ದಿನ ನನ್ನನ್ನು ಕರೆಸಿ, "ಮಿಷನ್ನುಗಳನ್ನೆಲ್ಲ ಮಾರ್ಸಿ ಕೊಡು. ನೀನು ವ್ಯಾಪಾರದವಳು, ಒಳ್ಳೆ ರೇಟ್ ತರ್ತೀಯ" ಎಂದರು.

"ತಲೆಕೂದ್ಲು ಬರ್ತಾ ಇದೆಯಲ್ಲ ಟೀಚರ್?"

"ತಲೆಗೆ ಸೆರಗಿದೆ ಮಾರಾಯ್ತಿ. ಹುಬ್ಬಿಗೇನು ಹೊದಿಸ್ಲಿ? ಹುಬ್ಬಿಲ್ದೆ ಕುಂಕುಮ ಎಲ್ಲಿಡೋದು ಅಂತಾನೇ ತಿಳಿಯಲ್ಲ. ಒಂದಿನ ಮೇಲಿಟ್ಟೆ, ಒಂದಿನ ಕೆಳಗಿಟ್ಟೆ. ಈ ಮುಖ ಹೊತ್ಕೊಂಡು ಹುಡುಗಿಯರ ಮುಂದೆ ನಿಲ್ಲಲಾ?"

ಮರುದಿನ ಅಂಗಡಿಯಿಂದ ಹೊಸದೊಂದು ಹುಬ್ಬಿನ ಪೆನ್ಸಿಲ್ ಒಯ್ದು, ಅವರನ್ನು ಕೂರಿಸಿ ಹುಬ್ಬು ಬರೆದೇಬಿಟ್ಟೆ. ಅವರು ಬೆಡ್‌ಶೀಟಿನ ಮೂಲೆ ಎತ್ತಿ ಇಣುಕಿದರು.

"ಏನೇ ಇದು! ಈ ಕಡೆ ಜಗಳಕ್ಕೆ ನಿಂತಿದೀನಿ, ಆ ಕಡೆ ಹಾವು ಕಂಡಿದೀನಿ! ಎಷ್ಟು ವರ್ಷ ಕಲಿಸ್ದೆ ನಿಂಗೆ? ಪೇಪರ್ ಇಲ್ದೆ ಕೈ ಹಾಕಿದ್ಯಲ್ಲ! ತಾ ಇಲ್ಲಿ."

ಹಳೇ ಮದುವೆ ಕಾರ್ಡೊಂದನ್ನು ಮಡಿಸಿದರು. ಚಿಕ್ಕ ಕತ್ತರಿಯಿಂದ ಒಂದೇ ಹುಬ್ಬಿನ ಆಕಾರ ತೆಗೆದು ಬಿಡಿಸಿದರು. ಎರಡೂ ಕಡೆ ಒಂದೇ ಸಮನಾದ ತೂತು. ಅದನ್ನು ಹಣೆಗೆ ಹಿಡಿದು, ಅಳತೆ ಟೇಪಿನಲ್ಲಿ ಮೂಗಿನ ನೇರ ನೋಡಬೇಕಲ್ಲ, ಅದಕ್ಕೆ ಕನ್ನಡಿಯ ಬೆಡ್‌ಶೀಟ್ ಪೂರ್ತಿ ಎಳೆದು ನೆಲಕ್ಕೆ ಹಾಕಿದರು. ಬರೆದರು, ಒರೆಸಿದರು, ಕಾರ್ಡು ಬದಲಿಸಿದರು. ಕೊನೆಗೆ ನಟ್ಟನಡುವೆ ಕುಂಕುಮ ಇಟ್ಟು ತಿರುಗಿದರು.

"ಮಿಷನ್ನಿಗೆ ಗಿರಾಕಿ ಬಂದ್ರಾ?"

"ರೇಟ್ ಬರ್ಲಿಲ್ಲ ಟೀಚರ್." ನಾನು ಯಾರನ್ನೂ ಕೇಳಿಯೇ ಇರಲಿಲ್ಲ.

"ನಿಂಗೆ ರೇಟ್ ಬರ್ಲಿಲ್ವಾ?" ಎಂದು ಬಹಳ ಹೊತ್ತು ನಕ್ಕರು.

ಹೊಸ ಬ್ಯಾಚಿನ ಮೊದಲ ದಿನ ನಾನೂ ಹೋಗಿ ಹಿಂದೆ ನಿಂತಿದ್ದೆ. ಹುಡುಗಿಯರು ಕದ್ದು ಕದ್ದು ನೋಡುತ್ತಿದ್ದರು. ಟೀಚರ್ ಸ್ಕೇಲಿನಿಂದ ಮೇಜು ಕುಟ್ಟಿದರು. "ಎಡಗಡೆ ಹುಬ್ಬು ಒಂದು ನೂಲು ಮೇಲೆ ಹೋಗಿದೆ, ನಂಗೂ ಗೊತ್ತು. ಇಲ್ಲೇ ಬನ್ನಿ, ಹತ್ರದಿಂದ ನೋಡಿ. ಆಯ್ತಾ? ಈಗ ಬಟ್ಟೆ ನೋಡಿ."

ಆಮೇಲೆ ಕೆಲವು ವರ್ಷ ಕ್ಲಾಸ್ ನಡೆಯಿತು. ಕಾಯಿಲೆ ತಿರುಗಿ ಬಂತು, ಈ ಸಲ ಬಿಡಲಿಲ್ಲ. ಹೋಗುವ ವಾರದಲ್ಲೂ ಜಾವಳಿ ಊರಿನ ಹುಡುಗಿಯೊಬ್ಬಳು ಕತ್ತರಿಸಿದ ಬ್ಲೌಸಿನ ತೋಳು ನೋಡಿ ಚೆನ್ನಾಗಿ ಉಗಿದರಂತೆ.

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಈ ಚಿಕಿತ್ಸೆಯಲ್ಲಿರುವವರು ಇದ್ದರೆ ಕೇಳಿ. ಅರಿಶಿನವಾಗಲಿ, ಎಣ್ಣೆಯಾಗಲಿ, ನನ್ನಂಥವಳ ಅಂಗಡಿಯ ಕ್ರೀಮಾಗಲಿ, ಡಾಕ್ಟರನ್ನು ಕೇಳದೆ ಹಚ್ಚಬೇಡಿ. ಹಳೆಯ ಮೆತ್ತನೆ ಹತ್ತಿ ಬಟ್ಟೆ ಕೊಡಿ. ಬಿಸಿಲಿಗೆ ಕೊಡೆ ಹಿಡಿಯಿರಿ. ನೋಡಲು ಹೋದಾಗ ಬಾಗಿಲಲ್ಲಿ ನಿಂತು ಮನೆಯವರ ಹತ್ತಿರ ಪಿಸುಗುಡಬೇಡಿ. ಎದುರಿಗೇ ಕೂತು ಮುಖ ನೋಡಿ ಮಾತಾಡಿ. ಬರಿಗೈಯಲ್ಲಿ ಹೋಗಬೇಡಿ, ಹಣ್ಣೂ ಬೇಡ. ಅವರಿಗೆ ಚೆನ್ನಾಗಿ ಬರುವ ಕೆಲಸವೊಂದನ್ನು ನೀವು ಕೆಡಿಸಿಕೊಂಡು ತೆಗೆದುಕೊಂಡು ಹೋಗಿ. ಬೈದರೆ, ಬೈಸಿಕೊಂಡು ಬನ್ನಿ.